ಗೋಳಿನವರ ಗೋಲು

ನಮ್ಮ ಮನೆತನದ ಹೆಸರು ಗೋಳಿನ. ನಗುವವರು ಈಗಲೇ ನಕ್ಕುಬಿಡಿ. ಅರವತ್ತೊಂದು ವರ್ಷದಿಂದ ನಗುವವರನ್ನು ನೋಡುತ್ತಲೇ ಬಂದಿದ್ದೇನೆ. ನಮ್ಮ ಕೊಟ್ಟೂರಿನಲ್ಲಿ ಮೆಣಸಿನಕಾಯಿಯವರಿದ್ದಾರೆ, ಉಳ್ಳಾಗಡ್ಡಿಯವರಿದ್ದಾರೆ, ಹಗ್ಗದವರಿದ್ದಾರೆ. ಅವರ ಹೆಸರು ಕೇಳಿ ಯಾರೂ ಹಲ್ಲು ಬಿಡುವುದಿಲ್ಲ. ನಾನು ಮಾತ್ರ ಮೂವತ್ತೈದು ವರ್ಷ ಹೈಸ್ಕೂಲಿನ ಡ್ರಿಲ್ ಮಾಸ್ತರನಾಗಿ ಬಿಸಿಲಲ್ಲಿ ಸೀಟಿ ಊದಿ ಕೊನೆಗೆ ಸಂಪಾದಿಸಿದ ಬಿರುದು ‘ಗೋಳು ಮಾಸ್ತರ್’. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ನಾಗಲಿಂಗಮ್ಮ ಹೇಳುತ್ತಾಳೆ. ಇಂಥ ಹೆಸರಿಟ್ಟುಕೊಂಡವನಿಗೆ ಸಿಟ್ಟು ಇನ್ನೆಲ್ಲಿ ಇರಬೇಕು?

ಅಸಲಿಗೆ ಅದು ಗೋಳಲ್ಲ, ಗೋಲು. ಫುಟ್‌ಬಾಲಿನ ಗೋಲು. ನನ್ನ ಮುತ್ತಜ್ಜ ಪಾಲಾಕ್ಷಪ್ಪ ಹೊಡೆದ ಗೋಲು. ಜನ ಅವನನ್ನು ‘ಗೋಲಿನ ಪಾಲಾಕ್ಷಪ್ಪ’ ಎಂದು ಕರೆದರು. ಅವನ ಮಗನನ್ನು ಶಾಲೆಗೆ ಸೇರಿಸುವ ದಿನ ಮುತ್ತಜ್ಜ ಹಡಗಲಿಗೆ ಆಟಕ್ಕೆ ಹೋಗಿದ್ದನಂತೆ. ಹುಡುಗನನ್ನು ಕರೆದುಕೊಂಡು ಹೋದವಳು ಮುತ್ತಜ್ಜಿ ದ್ಯಾಮಕ್ಕ. ಮನೆತನ ಯಾವುದು ಎಂದು ಮೇಷ್ಟ್ರು ಕೇಳಿದರು. ಗೋಲಿನೋರು ಎಂದಳು. ಮೇಷ್ಟ್ರು ಜನ್ಮದಲ್ಲಿ ಚೆಂಡಾಟ ನೋಡಿದವರಲ್ಲ, ವ್ಯಾಕರಣದಲ್ಲಿ ಮಾತ್ರ ಗಟ್ಟಿ. ಹಳ್ಳಿಯ ಹೆಂಗಸಿಗೆ ನಾಲಿಗೆ ಹೊರಳಿಲ್ಲ ಎಂದುಕೊಂಡು ಅವರೇ ತಿದ್ದಿ ‘ಗೋಳಿನ’ ಎಂದು ಬರೆದರು. ಅಂದು ಬರೆದ ಳ ಪಹಣಿಗೆ ಬಂತು, ರೇಷನ್ ಕಾರ್ಡಿಗೆ ಬಂತು, ಈಗ ಆಧಾರಿನಲ್ಲೂ ಇದೆ.

ಮುತ್ತಜ್ಜನ ಕಾಲಕ್ಕೆ ರೈಲು ಹೊಸಪೇಟೆಯಿಂದ ಬಂದು ಕೊಟ್ಟೂರಿನಲ್ಲಿ ನಿಂತುಬಿಡುತ್ತಿತ್ತು, ಮುಂದೆ ಹಳಿಯೇ ಇರಲಿಲ್ಲ. ಸ್ಟೇಷನ್ ಹಿಂದಿನ ಬಯಲಿನಲ್ಲಿ ಭಾನುವಾರ ರೈಲ್ವೆಯವರು ಚೆಂಡಾಡುತ್ತಿದ್ದರು. ಮುತ್ತಜ್ಜ ಅಲ್ಲೇ ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ. ಸಾವಿರದ ಒಂಬೈನೂರ ಹತ್ತೊಂಬತ್ತರಲ್ಲಿ ಒಂದು ದಿನ ಚೆಂಡು ಹಾರಿ ಕುರಿ ಹಿಂಡಿನೊಳಗೆ ಬಿತ್ತು. ಯಾವ ಪ್ರಾಣಿಯ ಚರ್ಮವೋ ಏನೋ ಎಂದು ಮುತ್ತಜ್ಜ ಅದನ್ನು ಕೈಯಲ್ಲಿ ಮುಟ್ಟಲಿಲ್ಲ, ಬರಿಗಾಲಿನಲ್ಲಿ ಒದ್ದ. ಅದು ಅಷ್ಟೂ ಜನರ ತಲೆಯ ಮೇಲಿಂದ ಹೋಗಿ ಎರಡು ಕಂಬಗಳ ನಡುವೆ ಬಿತ್ತು. ರೈಲಿನ ಗಾರ್ಡು ಚೆಂಡನ್ನು ತಾನೇ ಹೊತ್ತು ತಂದು ಅವನ ಮುಂದಿಟ್ಟು, ಇನ್ನೊಮ್ಮೆ ಒದಿ ಎಂದ. ಇನ್ನೊಮ್ಮೆಯೂ ಅಲ್ಲಿಗೇ ಹೋಯಿತು.

ಅಲ್ಲಿಂದ ಹದಿನೈದು ವರ್ಷ ಅವನು ಕೊಟ್ಟೂರು ರೈಲ್ವೆ ತಂಡದ ಮುಂಚೂಣಿ ಆಟಗಾರ. ಗಾರ್ಡಿನ ಡಬ್ಬಿಯಲ್ಲಿ ಕೂತು ಹೊಸಪೇಟೆ, ಬಳ್ಳಾರಿ. ಎತ್ತಿನ ಗಾಡಿಯಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ಬಳ್ಳಾರಿಯ ಬಿಳಿ ಸೋಲ್ಜರುಗಳ ಮೇಲೆ ಒಂದೇ ದಿನ ನಾಲ್ಕು ಗೋಲು ಹೊಡೆದು, ಅವರ ಬೂಟಿಗೆ ಹೆಬ್ಬೆರಳಿನ ಉಗುರು ಕೊಟ್ಟು ಬಂದಿದ್ದ. ಹಡಗಲಿಯಲ್ಲಿ ಗೆದ್ದರೆ ಕೊರಳಿಗೆ ಮಲ್ಲಿಗೆ ಹಾರ ಬೀಳುತ್ತಿತ್ತು, ಅದನ್ನು ತಂದು ದ್ಯಾಮಕ್ಕನ ತುರುಬಿಗೆ ಸುತ್ತುತ್ತಿದ್ದ. ಇಷ್ಟು ಗೋಲು ಹೇಗೆ ಹೊಡೀತಿ ಎಂದು ಕೇಳಿದವರಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು. “ಓಡೋ ಕುರಿ ಹಿಂದ ಓಡಬಾರದು. ಅದು ಎಲ್ಲಿಗಿ ಹೊಕ್ಕೈತೋ ಅಲ್ಲಿ ಮೊದ್ಲ ಹೋಗಿ ನಿಂದರಬೇಕು.” ನಾನು ಸಾವಿರಾರು ಮಕ್ಕಳಿಗೆ ಆಟ ಕಲಿಸಿದ್ದೇನೆ. ಇದಕ್ಕಿಂತ ಒಳ್ಳೆಯ ಪಾಠ ನನ್ನ ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಲೆಕ್ಕ ಇಟ್ಟವಳು ದ್ಯಾಮಕ್ಕ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮರಿಗಳ ಲೆಕ್ಕಕ್ಕೆ ಹಗ್ಗದಲ್ಲಿ ಗಂಟು ಹಾಕುವ ರೂಢಿ ಮನೆಯಲ್ಲಿತ್ತು. ಗಂಡ ಮನೆಗೆ ಬಂದು “ಇವತ್ತು ಮೂರು” ಎಂದರೆ ಅವನ ಕಂಬಳಿಯ ಅಂಚಿನ ಎಳೆಗಳಲ್ಲಿ ಮೂರು ಗಂಟು ಬೀಳುತ್ತಿದ್ದವು. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಹರಪನಹಳ್ಳಿಯ ಆಟದಲ್ಲಿ ಮುತ್ತಜ್ಜನ ಮೊಣಕಾಲು ತಿರುಚಿ, ಆಟ ಅಲ್ಲಿಗೆ ಮುಗಿಯಿತು. ಆಮೇಲೆ ಸಾಯುವ ತನಕ ಕುರಿ ಕಾಯ್ದ, ಕುಂಟುತ್ತ, ಖುಷಿಯಾಗಿ. ಆ ಕಂಬಳಿ ಈಗಲೂ ನಮ್ಮ ಮನೆಯಲ್ಲಿದೆ. ಗಂಟುಗಳಲ್ಲಿ ಕೆಲವಕ್ಕೆ ಮಾತ್ರ ಕೆಂಪು ದಾರ ಸುತ್ತಿದೆ. ನನ್ನ ಅಜ್ಜಿ ಜಂಬಕ್ಕ ಅವನ್ನು ‘ಬಾಗಿಲದ ಗಂಟು’ ಎನ್ನುತ್ತಿದ್ದಳು. ಕಂಬಳಿಯನ್ನು ಬಾಗಿಲಿಗೆ ತೂಗುಹಾಕಿದಾಗ ಆ ಭಾಗ ಹೊರಗೆ ಕಾಣುತ್ತಿತ್ತೇನೋ ಎಂದು ನಾನು ಅಂದುಕೊಂಡಿದ್ದೆ. ಕೇಳಬೇಕಾದಾಗ ಕೇಳಲಿಲ್ಲ, ಅಜ್ಜಿ ಹೋದ ಮೇಲೆ ಕೇಳುವುದಕ್ಕೆ ಯಾರೂ ಇರಲಿಲ್ಲ.

ಈ ಪುರಾಣ ಈಗ ಯಾಕೆ ಎಂದರೆ, ಹೋದ ಮಾಘದಲ್ಲಿ ನನ್ನ ಮಗಳು ಚಂದನಾಳ ಮದುವೆ ಈ ಒಂದು ಅಕ್ಷರಕ್ಕೆ ಸಿಕ್ಕಿಕೊಂಡಿತು.

ಚಂದನಾ ಹಗರಿಬೊಮ್ಮನಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಶಿವಯೋಗಿ ಹರಪನಹಳ್ಳಿಯಲ್ಲಿ ಹನಿ ನೀರಾವರಿಯ ಪೈಪಿನ ಅಂಗಡಿ ಇಟ್ಟಿದ್ದಾನೆ. ಅವನ ಮನೆಯ ಎಮ್ಮೆಗೆ ಇವಳು ಸೂಜಿ ಹಾಕಲು ಹೋಗಿ ಪರಿಚಯವಾಯಿತಂತೆ. ಎಮ್ಮೆ ಇವಳನ್ನು ಒದೆಯಿತು, ಇವನು ಕ್ಷಮೆ ಕೇಳಿದ, ಆಮೇಲೆ ಎಮ್ಮೆಗೆ ಪದೇ ಪದೇ ಹುಷಾರು ತಪ್ಪತೊಡಗಿತು. ಎರಡೂ ಮನೆಯವರು ಒಪ್ಪಿದೆವು. ಲಗ್ನಪತ್ರಿಕೆಯ ಕರಡು ಬಂದ ಮೇಲೆ ಶಿವಯೋಗಿಯ ಅಪ್ಪ ಅರುಣಕುಮಾರ್ ಅದನ್ನು ತಮ್ಮ ತಾಯಿ ಉಚ್ಚಂಗೆಮ್ಮನವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಎಂಬತ್ತೇಳು ವರ್ಷದ ಹಿರಿಯರು, ಅಕ್ಷರ ಬಾರದವರು. ಅಲ್ಲಿಯ ತನಕ ಅವರ ಕಿವಿಗೆ ಬಿದ್ದದ್ದು ‘ಕೊಟ್ಟೂರಿನ ಮಾಸ್ತರು’ ಎಂಬುದಷ್ಟೇ. ‘ಬಾಗಿಲದ ಅರುಣಕುಮಾರ್ ಇವರ ಪುತ್ರ’ ಎನ್ನುವ ತನಕ ತಲೆಯಾಡಿಸಿದರಂತೆ. ‘ಗೋಳಿನ ಅಮರೇಶ್ ಇವರ ಪುತ್ರಿ’ ಎಂದ ಕೂಡಲೇ ಕೈ ಅಡ್ಡ ಹಿಡಿದರು.

ಅರುಣಕುಮಾರ್ ಫೋನಿನಲ್ಲಿ ತಡವರಿಸಿದರು. “ಅವ್ವ ಹಠ ಹಿಡದಾಳ್ರಿ ಮಾಸ್ತರ. ಬಾಗಿಲದವರ ಮನಿಗಿ ಗೋಳಿನೋರ ಹೆಣ್ಣು ತಂದ್ರ, ಗೋಳು ಬಾಗಿಲಿಗಿ ಬಂದು ನಿಂತಂಗ ಆಕ್ಕೈತಿ ಅಂತಾಳ.”

ಬಾಗಿಲದವರು ಎಂಬ ಹೆಸರಿನ ಬಗ್ಗೆ ಆ ಮನೆಯಲ್ಲಿ ಬಲು ಹೆಮ್ಮೆ. ಪಾಳೆಯಗಾರರ ಕಾಲದಲ್ಲಿ ಹರಪನಹಳ್ಳಿ ಕೋಟೆಯ ದೊಡ್ಡ ಬಾಗಿಲು ಕಾಯ್ದವರು ತಾವು ಎಂದು ಹೇಳಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದ ದಿನವೇ ಅದನ್ನು ನಾಲ್ಕು ಸಲ ಹೇಳಿದ್ದರು.

ನನ್ನ ಸಿಟ್ಟು ನೆತ್ತಿಗೇರಿತು. ಕಂಬಳಿಯನ್ನು ಚೀಲದಲ್ಲಿ ತುಂಬಿಕೊಂಡು ಮರುದಿನವೇ ಹರಪನಹಳ್ಳಿಗೆ ಹೋದೆ. ಉಚ್ಚಂಗೆಮ್ಮನವರ ಮುಂದೆ ಹಾಸಿ ಇದು ಗೋಲು, ಇದು ಗೋಲು ಎಂದು ಒಂದೊಂದೇ ಗಂಟು ತೋರಿಸಿದೆ. ಅವರು ಬೆರಳಾಡಿಸಿ ನೋಡಿ, “ಕಂಬಳಿ ಚಲೋ ಐತಿ. ಗಂಟು ಯಾರ ಬೇಕಾದ್ರೂ ಹಾಕ್ತಾರ್ರಿ” ಎಂದರು. ಕಾಗದದಲ್ಲಿ ಎಲ್ಲಾದರೂ ಗೋಲು ಎಂದು ಬರೆದದ್ದು ಇದ್ದರೆ ತನ್ನಿ, ಮಗನ ಕೈಲಿ ಓದಿಸಿ ಕೇಳುತ್ತೇನೆ ಎಂದೂ ಹೇಳಿದರು. ಮುದುಕಿ ಕೆಟ್ಟವರಲ್ಲ, ನನಗೆ ಬಿಸಿ ಮಿರ್ಚಿ ಮಂಡಕ್ಕಿ ಕೊಟ್ಟು, ಚಹಾ ಕುಡಿಸಿಯೇ ಕಳಿಸಿದರು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಮಿರ್ಚಿ ತಿಂದವನು ಜಗಳವಾಡುವುದು ಹೇಗೆ?

ಮನೆಗೆ ಬಂದರೆ ಚಂದನಾ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಕಂಬಳಿ ಮಡಚಿಟ್ಟಳು. ಸಣ್ಣವಳಿದ್ದಾಗಿನಿಂದ ಅವಳು ಅಳುವ ಬದಲು ಬಟ್ಟೆ ಮಡಚುತ್ತಾಳೆ. ಅವತ್ತು ಮನೆಯಲ್ಲಿದ್ದ ಬಟ್ಟೆಗಳೆಲ್ಲ ಮಡಚಿ ಮುಗಿದವು.

ಆಗ ನೆನಪಾದವರು ಕೂಡ್ಲಿಗಿಯ ಪಂಚಾಕ್ಷರಪ್ಪ. ಹಿಂದೊಮ್ಮೆ ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಕಪ್ ಕೊಟ್ಟ ಬಟ್ಟೆ ವ್ಯಾಪಾರಿ. ನಮ್ಮಜ್ಜನೂ ಬಿಳಿಯರ ಕಾಲದಲ್ಲಿ ಚೆಂಡಾಟಕ್ಕೆ ಕಪ್ ಇಟ್ಟಿದ್ದ ಎಂದು ವೇದಿಕೆಯ ಮೇಲೆ ಹೇಳಿದ್ದರು. ಚಂದನಾಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಪಂಚಾಕ್ಷರಪ್ಪ ಕಥೆಯನ್ನೆಲ್ಲ ಕೇಳಿ, ಅಂಗಡಿಯ ಗೋಡೆಯಲ್ಲಿ ದೇವರ ಪಟಗಳ ಹಿಂದಿನಿಂದ ಒಂದು ಫೋಟೊ ಇಳಿಸಿ ಪಂಚೆಯ ತುದಿಯಿಂದ ಒರೆಸಿದರು.

ಸಾವಿರದ ಒಂಬೈನೂರ ಇಪ್ಪತ್ತೆಂಟರ ಫೋಟೊ. ಕೊಟ್ಟೂರು ಮತ್ತು ಹರಪನಹಳ್ಳಿ ತಂಡಗಳು ಆ ಕಪ್‌ನ ಆಟ ಮುಗಿಸಿ ಒಟ್ಟಿಗೆ ನಿಂತಿವೆ. ಒಬ್ಬೊಬ್ಬರ ಕಾಲ ಕೆಳಗೂ ಬಿಳಿ ಶಾಯಿಯಲ್ಲಿ ಹೆಸರು. ಕಚ್ಚೆ ಬಿಗಿದ, ಬರಿಗಾಲಿನ, ನನ್ನ ಹಾಗೆಯೇ ಉಬ್ಬುಹಲ್ಲಿನ ಒಬ್ಬ ಮನುಷ್ಯನ ಕೆಳಗೆ ‘ಗೋಲಿನ ಪಾಲಾಕ್ಷಪ್ಪ, ಕೊಟ್ಟೂರು’ ಎಂದು ದುಂಡಗೆ ಬರೆದಿತ್ತು. ಲ. ಎಲ್ಲಿಂದ ನೋಡಿದರೂ ಲ. ನನ್ನ ಕಣ್ಣು ತುಂಬಿಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

“ಅಪ್ಪ, ಇಲ್ಲಿ ನೋಡು” ಎಂದು ಚಂದನಾ ಪಕ್ಕದಲ್ಲಿ ಬೆರಳಿಟ್ಟಳು.

ಮುತ್ತಜ್ಜನ ಪಕ್ಕದಲ್ಲೇ ಒಬ್ಬ ಎತ್ತರದ ಆಳು. ಫೋಟೊಗೆ ನಿಂತಾಗಲೂ ಎರಡೂ ಕೈ ಅಗಲಿಸಿದ್ದಾನೆ, ಆಚೆಯವನ ಅರ್ಧ ಮುಖ ಅವನ ಅಂಗೈ ಹಿಂದೆ ಹೋಗಿದೆ. ಕೆಳಗೆ ‘ಬಾಗಿಲದ ಬೆನಕಪ್ಪ, ಹರಪನಹಳ್ಳಿ’.

ಪಂಚಾಕ್ಷರಪ್ಪ ನಕ್ಕರು. “ಆಗಿನ ಮಂದಿ ಗೋಲ್ ಕಾಯೋನಿಗೆ ಬಾಗಿಲದಾವ ಅಂತಿದ್ರು. ನಮ್ಮಜ್ಜ ಹೇಳ್ತಿದ್ದ, ಬೆನಕಪ್ಪ ನಿಂತ್ರ ಬಾಗಿಲು ಹಾಕಿ ಅಗಳಿ ಜಡದಂಗ ಅಂತ.”

ಶಿವಯೋಗಿಯ ಮುತ್ತಜ್ಜನ ಹೆಸರು ಬೆನಕಪ್ಪ ಎಂದು ಅವರೇ ನಮಗೆ ಹೇಳಿದ್ದರು. ಅಂದರೆ ಕೋಟೆಯೂ ಇಲ್ಲ, ಪಾಳೆಯಗಾರನೂ ಇಲ್ಲ. ಆ ಮನೆಯವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಬಾಗಿಲು ಎರಡು ಕಂಬಗಳ ನಡುವಿನ ಬಯಲು. ಅದರೊಳಗೆ ಚೆಂಡು ತೂರಿಸಿದವನು ನನ್ನ ಮುತ್ತಜ್ಜ.

ಫೋಟೊವನ್ನು ಎರವಲು ಪಡೆದು ಹೊರಟೆವು. ಕೊಟ್ಟೂರು ಬಸ್ಸಿನಲ್ಲಿ ನಾನು ಮಾತಿನ ತಾಲೀಮು ನಡೆಸಿದೆ. ಏನ್ರಿ ಉಚ್ಚಂಗೆಮ್ಮ, ಯಾವ ಕೋಟಿ, ಯಾವ ಬಾಗಿಲು, ಎಂದು ಹೇಗೆ ಶುರುಮಾಡಬೇಕು, ಎಲ್ಲಿ ನಿಲ್ಲಿಸಿ ಅವರ ಮುಖ ನೋಡಬೇಕು ಎಂಬುದನ್ನೆಲ್ಲ ಮಗಳಿಗೆ ಹೇಳಿದೆ. ಉಜ್ಜಿನಿ ಕ್ರಾಸ್ ಬಂದಾಗ ಅವಳು ಮೆಲ್ಲಗೆ ಮಾತಾಡಿದಳು.

“ನೀ ಗೋಲು ಹೊಡಿತಿ ಅಪ್ಪ. ಸೀಟಿನೂ ನೀನ ಊದ್ತಿ. ಆದ್ರ ನಾಳಿಗೆ ಆ ಮನ್ಯಾಗ ಇರಾಕಿ ನಾನು. ಆ ಅಜ್ಜಿ ತಲಿ ತಗ್ಗಿಸಿದ ಮನ್ಯಾಗ ನಾ ಹೆಂಗ ತಲಿ ಎತ್ತಿ ಓಡಾಡ್ಲಿ?”

ಸಿಟ್ಟಿನ ಮನುಷ್ಯನಿಗೆ ಇಂಥ ಮಾತು ತಣ್ಣೀರು ಸುರಿದಂತೆ. ಫೋಟೊ ತೋರಿಸದಿದ್ದರೆ ನಾವು ಗೋಳಿನವರಾಗಿಯೇ ಉಳಿಯುತ್ತೇವೆ, ಮದುವೆ ಮುರಿಯುತ್ತದೆ. ತೋರಿಸಿದರೆ ಅವರ ಹೆಮ್ಮೆ ಮುರಿಯುತ್ತದೆ, ಮಗಳ ಬಾಳು ಮುನಿಸಿನಲ್ಲೇ ಶುರುವಾಗುತ್ತದೆ. ಎರಡು ದಿನ ಯೋಚಿಸಿದೆ. ನನ್ನ ಮಾಸ್ತರ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಫೋಟೊವನ್ನು ನಾನೇ ಹಿಡಿದುಕೊಂಡು, ಮುತ್ತಜ್ಜನ ಹೆಸರು ಮಾತ್ರ ಕಾಣುವಂತೆ, ಪಕ್ಕದ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚುವುದು. ನಾಗಲಿಂಗಮ್ಮ ಕೇಳಿ, “ನಿಮ್ಮ ಹೆಬ್ಬಟ್ಟು ಕಡಿಮಿ ದಪ್ಪ ಇಲ್ಲ, ಮುಚ್ಚತೈತಿ ಬಿಡ್ರಿ” ಎಂದಳು.

ಕಂಬಳಿಯ ಚೀಲವನ್ನೂ ಹಿಡಿದು ಮೂವರೂ ಹರಪನಹಳ್ಳಿಗೆ ಹೋದೆವು. ಪಡಸಾಲೆಯಲ್ಲಿ ಉಚ್ಚಂಗೆಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅರುಣಕುಮಾರ್ ಬಗ್ಗಿ ನನ್ನ ಕೈಯಲ್ಲಿದ್ದ ಫೋಟೊ ನೋಡಿ ಗಟ್ಟಿಯಾಗಿ ಓದಿದರು. “ಗೋಲಿನ ಪಾಲಾಕ್ಷಪ್ಪ, ಕೊಟ್ಟೂರು. ಖರೆ ಐತವ್ವ. ‘ಲ’ ಅಂತನ ಬರದೈತಿ.” ನನ್ನ ಹೆಬ್ಬೆರಳು ಪಕ್ಕದಲ್ಲಿ ಭದ್ರವಾಗಿ ಕೂತಿತ್ತು. ಶಿವಯೋಗಿ ಚಂದನಾಳ ಕಡೆ ನೋಡಿದ. ಕೆಲಸವಾಯಿತು ಎಂದು ಫೋಟೊ ಹಿಂದಕ್ಕೆ ಎಳೆದೆ.

ಉಚ್ಚಂಗೆಮ್ಮ ಬಿಡಲಿಲ್ಲ. ಚೌಕಟ್ಟು ಹಿಡಿದು ಕಣ್ಣ ಹತ್ತಿರ ತಂದುಕೊಂಡರು. ಬಹಳ ಹೊತ್ತು ನೋಡಿದರು.

“ಮಾಸ್ತರ, ಬೆಳ್ಳು ತಗೀರಿ” ಎಂದರು. “ಅವರ ಕಾಲು ಮುಚ್ಚೀರಿ. ಇವರು ನಮ್ಮ ಮಾವನವರು.”

ಅಕ್ಷರ ಬಾರದವರ ಮುಂದೆ ನಾನು ಅಕ್ಷರ ಮುಚ್ಚಿದ್ದೆ, ಮುಖ ಮುಚ್ಚಿರಲಿಲ್ಲ. ಮೂವತ್ತೈದು ವರ್ಷ ಕಲಿಸಿದ ಬುದ್ಧಿ ಇಷ್ಟೇ. ಬೆರಳು ತೆಗೆದೆ. ಅರುಣಕುಮಾರ್ ‘ಬಾಗಿಲದ ಬೆನಕಪ್ಪ’ ಎಂದು ಓದಿ ಅಲ್ಲಿಗೇ ನಿಂತರು. ಬಾಗಿಲದವನು ಎಂದರೆ ಯಾರು ಎಂಬುದನ್ನು ಇನ್ನು ಹೇಳದೆ ವಿಧಿಯಿರಲಿಲ್ಲ. ತಾಲೀಮು ಮಾಡಿದ ಒಂದು ಮಾತೂ ಬಾಯಿಗೆ ಬರಲಿಲ್ಲ. ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ಹೇಳಿದೆ.

ಉಚ್ಚಂಗೆಮ್ಮ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡರು.

“ನಾ ಈ ಮನಿಗಿ ಬಂದಾಗ ಹದಿನಾಕು ವರ್ಷ” ಎಂದರು. “ಹೊಸ್ತಿಲ ಮ್ಯಾಲಿನ ಸೇರು ಒದ್ದೆ. ಅಂಜಿಕಿಗೆ ಜೋರ ಒದ್ದೆ. ಸೇರು ಹಾರಿತು. ಒಳಗ ನಿಂತಿದ್ದ ಮಾವನವರು ಎರಡೂ ಕೈಲೆ ಗಪ್ಪನ ಹಿಡದ್ರು. ಒಂದು ಕಾಳು ಅಕ್ಕಿ ಒಳಗ ಚೆಲ್ಲಲಿಲ್ಲ. ಮಂದಿ ಏನಂದ್ರು ಗೊತ್ತೇನ್ರಿ? ಅಕ್ಕಿ ಚೆಲ್ಲದ ಸೊಸಿ ಕಾಲ್ಗುಣ ಚಲೋ ಅಲ್ಲ ಅಂದ್ರು. ಮಾವನವರು ಯಾಕ ಹಿಡದ್ರು ಅಂತ ನಾ ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಕಾಲು ಕೆಟ್ಟದ್ದು ಅಂತ ಅವರಿಗೂ ಅನಿಸಿರಬೇಕು ಅನ್ಕೊಂಡೆ. ಎಪ್ಪತ್ಮೂರು ವರ್ಷ ಅದ ಅಂಜಿಕ್ಯಾಗ ಇದ್ದೆ. ಅದಕ್ಕ ಹೆಸರು, ಶಕುನ ಅಂತ ಎಲ್ಲಾದ್ರಾಗೂ ಹುಡುಕತಿದ್ದೆ.”

ಫೋಟೊದ ಮೇಲೆ ಬೆರಳಾಡಿಸಿ ಅವರು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. “ಬಂದಿದ್ದು ಹಿಡಿಯೋದು ಅವರಿಗೆ ರೂಢಿ ಆಗಿತ್ತು, ಅಷ್ಟ. ಯಪ್ಪಾ, ಇಷ್ಟಕ್ಕ ನಾನು ಇಷ್ಟು ವರ್ಷ.” ನಗುತ್ತಲೇ ಕಣ್ಣೊರೆಸಿಕೊಂಡರು. ಚಂದನಾ ಹೋಗಿ ಅವರ ಪಕ್ಕ ಕೂತಳು.

ಸ್ವಲ್ಪ ಹೊತ್ತಿಗೆ ಮುದುಕಿಗೆ ಹೊಸ ಹುರುಪು ಬಂತು. “ಹಂಗಾದ್ರ ನಿಮ್ಮ ಮುತ್ತಜ್ಜ ನಮ್ಮ ಮಾವನವರಿಗೆ ಎಷ್ಟು ಹೊಡದಾನ?”

ನನಗೆ ಥಟ್ಟನೆ ಹೊಳೆಯಿತು. ಚೀಲದಿಂದ ಕಂಬಳಿ ತೆಗೆದು ಹಾಸಿದೆ. ಬಾಗಿಲದ ಗಂಟು ಎಂದಿದ್ದಳಲ್ಲ ಜಂಬಕ್ಕಜ್ಜಿ. ಚಂದನಾ ಮತ್ತು ಶಿವಯೋಗಿ ಎರಡೂ ಅಂಚು ಹಿಡಿದು ಎಣಿಸಿದರು. ಒಟ್ಟು ಗಂಟು ನಾನೂರ ಹನ್ನೆರಡು, ಹುಳ ತಿಂದದ್ದು ಬಿಟ್ಟು. ಅದರಲ್ಲಿ ಕೆಂಪು ದಾರದವು ಒಂಬತ್ತು.

“ಹದಿನೈದು ವರ್ಷಕ್ಕ ಒಂಬತ್ತ?” ಎಂದರು ಉಚ್ಚಂಗೆಮ್ಮ. ಬೆನ್ನು ನೆಟ್ಟಗಾಯಿತು. “ಉಳಿದಿದ್ದೆಲ್ಲ ಹಿಡದಾರ ಅನ್ರಿ.”

“ಹಿಡದಾರ್ರಿ” ಎಂದೆ. ಅದು ನಿಜವೂ ಆಗಿತ್ತು. ನಾನೂರು ಗೋಲಿಗೆ ಮಾಮೂಲಿ ಗಂಟು ಹಾಕಿದ ದ್ಯಾಮಕ್ಕ ಈ ಒಂಬತ್ತಕ್ಕೆ ಮಾತ್ರ ಕೆಂಪು ದಾರ ಹುಡುಕಿದ್ದಳು ಎಂದರೆ, ಆ ದಿನಗಳಲ್ಲಿ ಮುತ್ತಜ್ಜ ಎಷ್ಟು ಹಿಗ್ಗಿ ಮನೆಗೆ ಬಂದಿದ್ದನೋ. ಮೊಣಕಾಲು ತಿರುಚಿದಾಗ ಅವನನ್ನು ಗಾಡಿಯ ತನಕ ಹೊತ್ತವನು ಎದುರು ತಂಡದವನು ಎಂದು ಅಜ್ಜಿ ಹೇಳಿದ್ದಳು. ಅದನ್ನೂ ಹೇಳಿದೆ. “ಮಾವನವರ ಹೆಗಲು ಅಂಥಾದ್ದ ಇತ್ತು” ಎಂದರು ಉಚ್ಚಂಗೆಮ್ಮ. ಕೋಟೆಯ ಸುದ್ದಿ ಆ ಮನೆಯಲ್ಲಿ ಆಮೇಲೆ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಲಗ್ನಪತ್ರಿಕೆಯಲ್ಲಿ ‘ಗೋಲಿನ’ ಎಂದೇ ಅಚ್ಚಾಯಿತು. ಮುದ್ರಣದವನು ತಪ್ಪು ಎಂದು ತಿದ್ದಲು ಹೋಗಿದ್ದ, ನಾನು ಅಂಗಡಿಯಲ್ಲೇ ಕೂತು ಕಾಯ್ದೆ. ಮದುವೆಯಲ್ಲಿ ಹುಡುಗ ಹುಡುಗಿ ಕೂತದ್ದು ಅದೇ ಕಂಬಳಿಯ ಮೇಲೆ.

ಸಂಜೆ ಮನೆ ತುಂಬಿಸಿಕೊಳ್ಳುವ ಹೊತ್ತು. ಹರಪನಹಳ್ಳಿಯ ಆ ಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಾಗಿಲು ತಡೆದು ಹೆಸರು ಹೇಳಿಸಲು ನಾದಿನಿಯರು ಸಜ್ಜಾಗಿದ್ದರು. ಅವರನ್ನೆಲ್ಲ ಆಚೆ ಸರಿಸಿ, ಒಳಗೆ ನಡುಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಉಚ್ಚಂಗೆಮ್ಮ ಕೂತರು. ಎರಡೂ ಕೈ ಅಗಲಿಸಿದರು. ಬಳೆಗಳು ಮೊಣಕೈಗೆ ಜಾರಿದವು.

“ಒದಿಯವ್ವ. ಮೆಲ್ಲಕ ಒದ್ರ ನಾ ಹಿಡೀತೀನಿ ನೋಡು” ಎಂದರು.

ಚಂದನಾ ಹಿಂತಿರುಗಿ ನನ್ನ ಕಡೆ ನೋಡಿದಳು. ನಾನು ಅವಳಿಗೆ ಚಿಕ್ಕಂದಿನಲ್ಲಿ ಖೊಖೊ ಕಲಿಸಿದ್ದೆ, ಕಬಡ್ಡಿ ಕಲಿಸಿದ್ದೆ, ಚೆಂಡು ಒದೆಯುವುದನ್ನು ಮಾತ್ರ ಕಲಿಸಿರಲಿಲ್ಲ. ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಬಲಗಾಲನ್ನು ಒಂದು ಗೇಣು ಹಿಂದಕ್ಕೆ ತೆಗೆದು, ಒದ್ದಳು. ಸೇರು ಮುದುಕಿಯ ಬಲಗೈಯ ಕೆಳಗಿನಿಂದ ಸುಯ್ಯೆಂದು ಹೋಗಿ ದೇವರ ಕೋಣೆಯ ಗೋಡೆಗೆ ತಾಗಿ ನಿಂತಿತು. ಅಕ್ಕಿ ಮನೆಯ ಉದ್ದಕ್ಕೂ ಚೆಲ್ಲಿತು.

ನಾಗಲಿಂಗಮ್ಮ ಬೇಡವೆಂದರೂ ನಾನು ಸೀಟಿ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದೆ. ಊದಿದೆ.

ಉಚ್ಚಂಗೆಮ್ಮ ಹಿಂದೆ ತಿರುಗಿ ಆ ಅಕ್ಕಿಯನ್ನೆಲ್ಲ ಕಣ್ತುಂಬ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಮೊದಲೇ ತಂದಿಟ್ಟುಕೊಂಡಿದ್ದ ಒಂದು ತುಂಡು ಕೆಂಪು ದಾರ ತೆಗೆದರು.

“ಕಂಬಳಿ ತರ್ರಿ” ಎಂದರು. “ಹತ್ತು.”